ವೆಬ್ ಸೇವೆಗಳ ಆಯ್ಕೆ: ಅಳತೆಗೋಲು ಯಾರ ಕೈಯಲ್ಲಿದೆ?

ಒಂದೇ ಕೆಲಸ ಮಾಡಿಕೊಡುವ ಹತ್ತಾರು ವೆಬ್ ಸೇವೆಗಳಲ್ಲಿ ಯಾವುದನ್ನು ನಂಬಿ ಆರಿಸಬೇಕು? ಈ ಪ್ರಶ್ನೆಗೆ ಇತ್ತೀಚಿನ ಬಹುಪಾಲು ಪ್ರಬಂಧಗಳು ಕೊಡುವ ಉತ್ತರ, ಸೇವೆ ಎಷ್ಟು ಬೇಗ ಪ್ರತಿಕ್ರಿಯಿಸುತ್ತದೆಂದು ಇನ್ನಷ್ಟು ನಿಖರವಾಗಿ ಊಹಿಸಿ ಎಂಬುದು. ವೇಗದ ಊಹೆ ಉಪಯುಕ್ತವೇ. ಆದರೆ ನಂಬಿಕೆಯ ಪ್ರಶ್ನೆ ಬೇರೆ: ಕೈಗೆ ಬಂದ ಅಂಕಿಯನ್ನು ಕೊಟ್ಟವರು ಯಾರು, ಅದು ತಪ್ಪಾದರೆ ನಮಗೆ ಅವರಿಗಿಂತ ಹೆಚ್ಚು ನಷ್ಟವೇ? ಕ್ಷೇತ್ರ ಆರಂಭದಲ್ಲಿ ಕೇಳಿದ್ದು ಇದನ್ನೇ.

2000ದಲ್ಲಿ ಐಬಿಎಂ, ಮೈಕ್ರೋಸಾಫ್ಟ್ ಮತ್ತು ಅರಿಬಾ ಮುಂದಿಟ್ಟ ಯುಡಿಡಿಐ ಎಂಬ ಸೇವಾ ನೋಂದಣಿಯಲ್ಲಿ ಯಾರು, ಏನು, ಎಲ್ಲಿ ಎಂಬ ವಿವರಗಳಿದ್ದವು. ಎಷ್ಟು ಚೆನ್ನಾಗಿ ಎಂಬುದಿರಲಿಲ್ಲ. ಅದರ ಸಾರ್ವಜನಿಕ ನೋಂದಣಿ 2006ರಲ್ಲಿ ಮುಚ್ಚಿತು. ಅಷ್ಟರೊಳಗೆ, 2003ರಲ್ಲೇ, ಶುಪಿಂಗ್ ರಾನ್ ಸೇವಾದಾರರ ಗುಣಮಟ್ಟದ ಮಾತನ್ನು ಪರಿಶೀಲಿಸಿ ದೃಢೀಕರಿಸುವ ಮೂರನೆಯ ಸಂಸ್ಥೆಯೊಂದು ಬೇಕೆಂದು ಸೂಚಿಸಿದ್ದರು. 2004ರಲ್ಲಿ ಝೆಂಗ್ ಮತ್ತು ಸಂಗಡಿಗರು ಬೆಲೆ, ಅವಧಿ, ಖ್ಯಾತಿ, ಯಶಸ್ಸಿನ ಪ್ರಮಾಣ, ಲಭ್ಯತೆ ಎಂಬ ಐದು ಮಾನದಂಡಗಳನ್ನಿಟ್ಟು ಸೇವೆಗಳ ಸರಪಣಿಯನ್ನೇ ಆರಿಸುವ ಗಣಿತ ಕೊಟ್ಟರು. ಸರಪಣಿಗೆ ಗಣಿತ ಬೇಕೇ ಬೇಕು: ಒಂದಕ್ಕೊಂದು ಜೋಡಿಸಿದ ಐದು ಸೇವೆಗಳಲ್ಲಿ ಪ್ರತಿಯೊಂದೂ ಶೇ 99ರಷ್ಟು ಹೊತ್ತು ಲಭ್ಯವಿದ್ದರೂ, ಅವುಗಳ ವೈಫಲ್ಯಗಳು ಪರಸ್ಪರ ಸ್ವತಂತ್ರವಾಗಿದ್ದರೆ, ಒಟ್ಟು ಲಭ್ಯತೆ ಸುಮಾರು ಶೇ 95ಕ್ಕೆ ಇಳಿಯುತ್ತದೆ, ವರ್ಷಕ್ಕೆ ಸುಮಾರು 18 ದಿನ ಕೆಲಸ ನಿಂತಂತೆ. ಮುಂದೆ ಬಂದ ಜೆನೆಟಿಕ್ ಅಲ್ಗಾರಿದಮ್‌ಗಳು ಈ ಲೆಕ್ಕವನ್ನು ಚುರುಕುಗೊಳಿಸಿದವು. ಆದರೆ ಲೆಕ್ಕಕ್ಕೆ ಹಾಕುವ ಅಂಕಿಗಳು ನಿಜವೆಂದೇ ಹಿಡಿದು ಸಾಗಿದವು.

ಆ ಕೊರತೆಯನ್ನು ನೇರವಾಗಿ ಎದುರಿಸಿದ್ದು ಖ್ಯಾತಿಯನ್ನು ಅಧ್ಯಯನ ಮಾಡಿದ ಬಳಗ. ಸ್ಟೀಫನ್ ಮಾರ್ಷ್ 1994ರ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ನಂಬಿಕೆಗೆ ಗಣಿತದ ರೂಪ ಕೊಟ್ಟಿದ್ದರು. 2002ರಲ್ಲಿ ಯೋಸಾಂಗ್ ಮತ್ತು ಇಸ್ಮಾಯಿಲ್ ರೂಪಿಸಿದ ಬೀಟಾ ಸೂತ್ರ ಇನ್ನೂ ಸೊಗಸು: ಒಳ್ಳೆಯ ಅನುಭವಗಳ ಸಂಖ್ಯೆಗೆ ಒಂದು ಕೂಡಿಸಿ, ಒಟ್ಟು ಅನುಭವಗಳಿಗೆ ಎರಡು ಕೂಡಿಸಿ ಭಾಗಿಸಿ. ಒಂದೇ ಒಂದು ಒಳ್ಳೆಯ ಅನುಭವವಿರುವ ಹೊಸ ಸೇವೆಗೆ ಸಿಗುವುದು 0.67, ನೂರರಲ್ಲಿ 95 ಸಲ ಗೆದ್ದದ್ದಕ್ಕೆ ಸುಮಾರು 0.94. ಪುರಾವೆ ಕಡಿಮೆಯಿದ್ದರೆ ನಂಬಿಕೆಯೂ ಹಿಂಜರಿಯುತ್ತದೆ. ಮ್ಯಾಕ್ಸಿಮಿಲಿಯನ್ ಮತ್ತು ಮುನೀಂದರ್ ಸಿಂಗ್ ಖ್ಯಾತಿಯನ್ನು ಸೇವೆಯ ಆಯ್ಕೆಗೆ ಜೋಡಿಸಿದರು. 2005ರಲ್ಲಿ ವು, ಹೌಸ್‌ವಿರ್ತ್ ಮತ್ತು ಅಬೆರರ್ ಇನ್ನೊಂದು ಹೆಜ್ಜೆ ಇಟ್ಟರು: ನಂಬಿಕಸ್ಥ ವೀಕ್ಷಕರು ಕೆಲವೇ ಸೇವೆಗಳನ್ನು ಅಳೆಯಲಿ, ಅವರ ವರದಿಯೊಂದಿಗೆ ಬಳಕೆದಾರರ ವರದಿಗಳನ್ನು ಹೋಲಿಸಿ ಸುಳ್ಳು ಹೇಳುವವರನ್ನು ಬೇರ್ಪಡಿಸೋಣ, ಉಳಿದವರ ಮಾತಿಗೆ ತೂಕ ಕೊಡೋಣ. ಈ ಕ್ಷೇತ್ರದ ಅತ್ಯಂತ ಪ್ರಬುದ್ಧ ಚಿಂತನೆ ಇದೇ. ಸೇವಾದಾರ, ಸಾಕ್ಷಿ, ಪರೀಕ್ಷಕ ಮೂವರನ್ನೂ ಅದು ಪ್ರತ್ಯೇಕವಾಗಿ ಕಂಡಿತು.

ಈ ದಾರಿ ಯಾಕೆ ಬರಿದಾಯಿತು? 2009ರಿಂದ ಝಿಬಿನ್ ಝೆಂಗ್ (2004ರ ಝೆಂಗ್ ಬೇರೆಯವರು) ಮತ್ತು ಮೈಕೆಲ್ ಲ್ಯೂ ಬಳಗದ ಕೆಲಸ ಮೇಲುಗೈ ಪಡೆಯಿತು. ಒಬ್ಬ ಬಳಕೆದಾರನ ಅನುಭವವನ್ನು ಅವನಂಥ ಇತರರ ಅನುಭವದಿಂದ ಊಹಿಸುವುದು ಅವರ ವಿಧಾನ. ಅವರು ಮುಕ್ತವಾಗಿ ಹಂಚಿದ ದತ್ತಾಂಶದಲ್ಲಿ 339 ಬಳಕೆದಾರರು, 5,825 ಸೇವೆಗಳಿವೆ. ಅಂಥ ಔದಾರ್ಯಕ್ಕೆ ಕ್ಷೇತ್ರ ಋಣಿ. ಆದರೆ ಅಲ್ಲಿನ ‘ಬಳಕೆದಾರರು’ ಪ್ಲಾನೆಟ್‌ಲ್ಯಾಬ್ ಎಂಬ ಸಂಶೋಧನಾ ಜಾಲದಲ್ಲಿ ಸಂಶೋಧಕರೇ ನಡೆಸಿದ ಕಂಪ್ಯೂಟರ್‌ಗಳು. ಸುಳ್ಳು ಹೇಳಲು ಅವುಗಳಿಗೆ ಕಾರಣವಿಲ್ಲ. ಹೀಗಾಗಿ ಆ ದತ್ತಾಂಶದ ಮೇಲೆ ಊಹೆಯ ದೋಷ ಎಷ್ಟೇ ತಗ್ಗಿದರೂ, ಸುಳ್ಳು ವರದಿಯ ನಡುವೆ ಹೇಗೆ ಆರಿಸಬೇಕೆಂಬುದು ಅಲ್ಲಿ ಪರೀಕ್ಷೆಗೇ ಒಳಗಾಗುವುದಿಲ್ಲ. ಕೃತಕ ಸುಳ್ಳುಗಳನ್ನು ಬೆರೆಸಿ ಪರೀಕ್ಷಿಸಬಹುದು, ನಿಜ. ಆಗ ಪತ್ತೆಯಾಗುವುದು ಸಂಶೋಧಕ ಊಹಿಸಿಕೊಂಡ ಸುಳ್ಳು ಮಾತ್ರ.

ಕ್ಲೌಡ್ ಯುಗದಲ್ಲಿ ಸೇವೆಯ ಮಟ್ಟಕ್ಕೆ ಖಾತರಿ ಕೊಡುವ ದೊಡ್ಡ ಕಂಪನಿಗಳ ಒಪ್ಪಂದಗಳಿವೆಯಲ್ಲ, ಈ ಚಿಂತೆ ಯಾಕೆ ಎನ್ನುವವರಿದ್ದಾರೆ. ಆ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಪರಿಹಾರ ಬಿಲ್ಲಿನ ಒಂದಂಶ ಮಾತ್ರ. ಗ್ರಾಹಕನ ನಿಜವಾದ ನಷ್ಟವಲ್ಲ. ಅದನ್ನೂ ಎಷ್ಟೋ ಕಡೆ ಗ್ರಾಹಕನೇ ಕೇಳಿ ಪಡೆಯಬೇಕು. ಸ್ವತಂತ್ರ ಅಳತೆ ದುಬಾರಿ ಎಂಬ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಆದರೂ ದಾರಿಯಿದೆ: ಯುಪಿಐ ವ್ಯವಸ್ಥೆಯಲ್ಲಿ ತಾಂತ್ರಿಕ ಕಾರಣದಿಂದ ವಿಫಲವಾದ ಪಾವತಿಗಳ ಪ್ರಮಾಣವನ್ನು ಅದನ್ನು ನಡೆಸುವ ಎನ್‌ಪಿಸಿಐ ಸಂಸ್ಥೆ ಬ್ಯಾಂಕುವಾರು ಪ್ರಕಟಿಸುತ್ತದೆ. ಬ್ಯಾಂಕಿನ ಜಾಹೀರಾತಿನಿಂದಲ್ಲ, ವಹಿವಾಟು ಹಾದುಹೋಗುವ ನಡುಮನೆಯಿಂದ ಬಂದ ಅಂಕಿ ಅದು. ವ್ಯವಹಾರದ ದಾರಿಯಲ್ಲೇ ಅಳತೆ ನಡೆದರೆ ಬೇರೆ ವೀಕ್ಷಕರ ವೆಚ್ಚ ತಗ್ಗುತ್ತದೆ. ಮುಂದಿನ ಸಂಶೋಧನೆಗೆ ಬೇಕಾದದ್ದು ಇಂಥ ದತ್ತಾಂಶ: ಸೇವಾದಾರನ ಭರವಸೆ, ಬಳಕೆದಾರನ ವರದಿ, ಸ್ವತಂತ್ರ ಅಳತೆ ಮೂರೂ ಅಕ್ಕಪಕ್ಕದಲ್ಲಿರುವಂಥದ್ದು. ಅದು ಕೈಗೆ ಬರುವವರೆಗೆ ಹೊಸ ವಿಧಾನಗಳು ವೇಗದ ಊಹೆಯೆಂದೇ ಕರೆಸಿಕೊಳ್ಳಲಿ. ವಿಶ್ವಾಸಾರ್ಹ ಆಯ್ಕೆ ಎಂಬ ಹೆಸರು ಅವುಗಳಿಗೆ ಇನ್ನೂ ಸಲ್ಲದು.