ಬಟನ್ ಒತ್ತುವ ಬೆರಳು ಯಾರದು?
ಉಡುಪಿ ಸೀಮೆಯ ಪ್ರಕಟಣೆಯ ಚರಿತ್ರೆಗೊಂದು ದಲಿತ ಟಿಪ್ಪಣಿ

'ಈಗ ಎಲ್ಲರ ಕೈಯಲ್ಲೂ ಫೋನಿದೆ, ಎಲ್ಲರೂ ಸಂಪಾದಕರೇ, ಎಲ್ಲರೂ ಪ್ರಕಾಶಕರೇ' ಎಂಬ ಮಾತು ನಮ್ಮ ವಿಚಾರ ಸಂಕಿರಣಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಪೇಪರಿನವರು ಬರೆಯದಿದ್ದರೆ ಎಂತ ಆಯ್ತು, ನೀವೇ ವಿಡಿಯೋ ಮಾಡಿ ಹಾಕಿ ಮಾರಾಯ್ರೆ ಅಂತ ಉಪದೇಶ ಮಾಡುವವರಿಗೂ ಇಲ್ಲಿ ಬರಗಾಲವಿಲ್ಲ. ಈ ಮಾತಿನಲ್ಲಿ ಅರ್ಧ ನಿಜವಿದೆ. ಚರಿತ್ರೆ ಪಾಠ ಮಾಡುವ ನನಗೆ ಉಳಿದ ಅರ್ಧದ ಬಗ್ಗೆ ಅನುಮಾನ. ಕಾಣಿಸುವುದು ಒಂದು, ಪ್ರಕಟಿಸುವುದು ಇನ್ನೊಂದು. ದಲಿತರು ಈ ಕರಾವಳಿಯಲ್ಲಿ ಕಾಣದೆ ಇದ್ದದ್ದು ಯಾವಾಗ? ಡೋಲು ಬಡಿಯುವಾಗ, ದೈವ ಕಟ್ಟುವಾಗ, ಗದ್ದೆಯ ಕೆಸರಿನಲ್ಲಿ ನಿಂತಾಗ ಊರಿನ ಕಣ್ಣೆಲ್ಲ ಅವರ ಮೇಲೇ ಇತ್ತು. ಕೊರತೆಯಿದ್ದದ್ದು ತಾವು ಕಂಡದ್ದನ್ನು ತಮ್ಮ ಹೆಸರಿನಲ್ಲಿ ಊರಿಗೆ ಹೇಳುವ ಅಧಿಕಾರಕ್ಕೆ.

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟದ್ದು ನಮ್ಮ ಈ ಕರಾವಳಿಯಿಂದಲೇ. ಬಾಸೆಲ್ ಮಿಷನ್ನಿನ ಮ್ಯಾನರ್ 1886ರಲ್ಲಿ ತುಳು ಪಾಡ್ದನಗಳನ್ನು ಅಚ್ಚು ಹಾಕಿಸಿದರು. ನಾಲಗೆಯ ಮೇಲಿದ್ದದ್ದು ಕಾಗದಕ್ಕೆ ಬಂತು, ಒಳ್ಳೆಯದೇ ಆಯಿತು. ಆದರೆ ಹಾಡಿದವರಿಗೂ ಅಚ್ಚುಮೊಳೆಗೂ ನಡುವೆ ಒಬ್ಬ ಓದಿದವನು ಕೂತ. ಆ ಜಾಗವನ್ನು ದಲಿತರೇ ಹಿಡಿಯಬೇಕೆಂದು ಅಂಬೇಡ್ಕರರು 1920ರ ಜನವರಿ 31ರಂದು 'ಮೂಕನಾಯಕ' ಹೊರಡಿಸಿದರು. ಕನ್ನಡದಲ್ಲಿ 70ರ ದಶಕದ 'ಪಂಚಮ' ಆ ದಾರಿಯಲ್ಲಿ ನಡೆಯಿತು. 1970ರಲ್ಲಿ ಮಣಿಪಾಲದಿಂದ ಆರಂಭವಾದ 'ಉದಯವಾಣಿ' ಕರಾವಳಿಯ ಮನೆಮನೆಯ ಪತ್ರಿಕೆಯಾಯಿತು. ನಮ್ಮ ಕೇರಿಯಲ್ಲೂ ಪತ್ರಿಕೆ ಓದುವವರಿದ್ದರು. ಪತ್ರಿಕೆ ಮಾಡುವವರಿರಲಿಲ್ಲ. ಬಂಡವಾಳ, ಮುದ್ರಣಯಂತ್ರ, ಕಾಗದ, ಏಜೆಂಟರ ಜಾಲ ಇವೆಲ್ಲ ಸೇರಿದರೇ ಪತ್ರಿಕೆ. ಹಾಗಾಗಿ ಪ್ರಕಟಣೆಯೆಂಬುದು ಮೊದಲಿನಿಂದಲೂ ಆಸ್ತಿಯ ಪ್ರಶ್ನೆ. ಪ್ರತಿಭೆಯ ಮಾತು ಆಮೇಲೆ.

ಈ ಆಸ್ತಿಯ ಗೋಡೆಯಲ್ಲಿ ಮೊದಲ ಬಿರುಕು ಬಿಟ್ಟದ್ದು ಕೀಲಿಮಣೆಯಿಂದ. ಆ ಚರಿತ್ರೆಯೂ ನಮ್ಮ ಜಿಲ್ಲೆಯದೇ. ಮಣಿಪಾಲದಲ್ಲಿ ಪಾಠ ಮಾಡಿದ ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ನಾವೆಲ್ಲ ಕೆ.ಪಿ. ರಾವ್ ಎನ್ನುವ ವಿದ್ವಾಂಸರು, ಕನ್ನಡವನ್ನು ಉಚ್ಚಾರದಂತೆಯೇ ಒತ್ತುವ ವಿನ್ಯಾಸ ಮಾಡಿ 'ಸೇಡಿಯಾಪು' ತಂತ್ರಾಂಶ ಕೊಟ್ಟರು. ಕರ್ನಾಟಕ ಸರ್ಕಾರದ ಅಧಿಕೃತ ಕೀಲಿಮಣೆಗೂ ಆ ವಿನ್ಯಾಸವೇ ತಳಹದಿ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಆಮೇಲೆ ಯೂನಿಕೋಡ್ ಬಂತು. 2005ರಲ್ಲಿ 'ಸಂಪದ', 2007ರಲ್ಲಿ 'ಅವಧಿ' ಶುರುವಾದವು. ಅಚ್ಚಿನ ಖರ್ಚಿಲ್ಲದೆ, ಸಂಪಾದಕರ ಒಪ್ಪಿಗೆಗೆ ಕಾಯದೆ, ಬರೆದ ರಾತ್ರಿಯೇ ಪ್ರಕಟಿಸುವ ಬ್ಲಾಗಿನ ಕಾಲ ಅದು.

ಆ ಏರಿನಲ್ಲೇ ಇಳಿತವೂ ಇತ್ತು. ಬ್ಲಾಗು ಬಿಟ್ಟಿ, ಕಂಪ್ಯೂಟರ್ ಬಿಟ್ಟಿಯಲ್ಲ. ಮನೆಯಲ್ಲಿ ಕಂಪ್ಯೂಟರಿದ್ದವರು, ಕಛೇರಿಯಲ್ಲಿ ಇಂಟರ್ನೆಟ್ ಇದ್ದವರು ಮೊದಲು ಬರೆದರು. ಹಾಸ್ಟೆಲಿನ ಹುಡುಗರಿಗೆ ಸೈಬರ್ ಕೆಫೆಯ ಗಂಟೆಯ ಲೆಕ್ಕ. ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಬರಹಗಳು ಯೂನಿಕೋಡ್ ಬಂದಮೇಲೆ ಚಿತ್ರವಿಚಿತ್ರ ಗುರುತುಗಳಾಗಿ ಕೂತವು. ಫೇಸ್‌ಬುಕ್ಕಿನ ಭರಾಟೆಯಲ್ಲಿ ಬ್ಲಾಗುಗಳು ಪಾಳುಬಿದ್ದವು. ಹಾಗೆ ನೋಡಿದರೆ ಎಪ್ಪತ್ತರ ದಶಕದ ಕರಪತ್ರವೊಂದು ಯಾರದೋ ಟ್ರಂಕಿನಲ್ಲಿ ಇವತ್ತೂ ಸಿಗಬಹುದು. ಹದಿನೈದು ವರ್ಷದ ಹಿಂದಿನ ಬ್ಲಾಗಿನ ಬರಹವನ್ನು ಹುಡುಕಿ ಕೊಡಿ ನೋಡೋಣ!

ಇನ್ನು ವಿಡಿಯೋದ ಮಾತು. ನಮ್ಮಜ್ಜಿ ನೇಜಿ ನೆಡುವಾಗ 'ಓಬೇಲೆ' ಹಾಡುತ್ತಿದ್ದರಂತೆ. ಅದು ಯಾವ ಟೇಪಿನಲ್ಲೂ ಇಲ್ಲ. ಆದರೆ 1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹೇಳಿದ ಸಿರಿ ಪಾಡ್ದನ ದಾಖಲಾಯಿತು. ಫಿನ್ಲೆಂಡಿನ ಲೌರಿ ಹೊಂಕೊ ಅವರ ಜೊತೆ ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರು ಕೆಲಸ ಮಾಡಿದರು. 15,683 ಸಾಲುಗಳ ಆ ಕಾವ್ಯ 1998ರಲ್ಲಿ ಪುಸ್ತಕವಾದಾಗ ಹಾಡಿದವನ ಹೆಸರು ಶೀರ್ಷಿಕೆಯಲ್ಲೇ ಇತ್ತು. ಇದನ್ನು ನಾನು ಮುಖ್ಯವೆಂದು ಭಾವಿಸುತ್ತೇನೆ. ಯಾಕೆಂದರೆ ಇವತ್ತು ಕಾಪುವಿನಿಂದ ಕಾರ್ಕಳದವರೆಗೆ ಯಾವ ನೇಮಕ್ಕೆ ಹೋದರೂ ಬೆಳಕಿನ ಸಾಲು, ಎತ್ತಿದ ಕೈ, ಕೈತುಂಬ ಫೋನು. ಪಂಬದರ, ಪರವರ, ನಲಿಕೆಯವರ ಮೈ, ಬಣ್ಣ, ನುಡಿ ಎಲ್ಲವೂ ಮರುದಿನ ಯಾರದೋ ಚಾನೆಲಿನಲ್ಲಿ. ಊರಿನ ಹೆಸರಿರುತ್ತದೆ, ದೈವದ ಹೆಸರಿರುತ್ತದೆ, ಗುತ್ತಿನ ಹೆಸರಿರುತ್ತದೆ, ಚಾನೆಲಿನ ಹೆಸರಂತೂ ಇದ್ದೇ ಇರುತ್ತದೆ. ಕಟ್ಟಿದವನ ಹೆಸರನ್ನು ಬಹಳ ಸಲ ಹುಡುಕಬೇಕು. ಜಾಹೀರಾತಿನ ಆದಾಯದಲ್ಲಿ ಶೇಕಡಾ 55 ಪಾಲನ್ನು ಯೂಟ್ಯೂಬು ವಿಡಿಯೋ ಹಾಕಿದವರಿಗೆ ಕೊಡುತ್ತದೆ. ಕುಣಿದವನು ಅದರ ಲೆಕ್ಕದಲ್ಲೇ ಇಲ್ಲ. 2022ರ ಸೆಪ್ಟೆಂಬರಿನಲ್ಲಿ 'ಕಾಂತಾರ' ಬಂದಮೇಲೆ ಸರ್ಕಾರ ಅರವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ದೈವದ ವೇಷದ ಅಣಕು ರೀಲ್ಸ್‌ಗಳೂ ಅದೇ ಹೊತ್ತಿನಲ್ಲಿ ಹಬ್ಬಿದವು. ಗೌರವ, ಅಣಕು ಎರಡೂ ಒಂದೇ ಪರದೆಯ ಮೇಲೆ ಬಂದದ್ದು ಈ ಮಾಧ್ಯಮದ ಸ್ವಭಾವವನ್ನು ಹೇಳುತ್ತದೆ.

ಕಂಬಳವನ್ನೇ ನೋಡಿ. 2020ರ ಫೆಬ್ರವರಿ 1ರಂದು ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ ದೃಶ್ಯ ಲೋಕವನ್ನೇ ಸುತ್ತಿತು. ಕೆಲವೇ ದಿನಗಳಲ್ಲಿ ಕಾರ್ಕಳ ತಾಲೂಕಿನ ಬಜಗೋಳಿಯ ಓಟಗಾರರೂ ಸುದ್ದಿಯಾದರು. ದುಡಿಯುವ ಮೈಗೆ ಸಿಕ್ಕ ಮನ್ನಣೆ ಅದು, ಸಂತೋಷ. ಆದರೆ ಇದೇ ಕೆಸರಿಗೆ ಇನ್ನೊಂದು ಓಟದ ಚರಿತ್ರೆಯಿದೆ. ಕಂಬಳಕ್ಕೆ ಮೊದಲು ಕೊರಗರನ್ನು ಕೋಣಗಳಂತೆ ಓಡಿಸುತ್ತಿದ್ದರು. ಅದು ಎಷ್ಟು ನಿಜವಾಗಿತ್ತೆಂದರೆ, 2000ದಲ್ಲಿ ಬಂದ ಅಜಲು ನಿಷೇಧ ಕಾಯ್ದೆ ಆ ಪದ್ಧತಿಯನ್ನು ಹೆಸರಿಸಿಯೇ ನಿಷೇಧಿಸಬೇಕಾಯಿತು. ಆ ಓಟದ ಸೆಕೆಂಡನ್ನು ಯಾರೂ ಅಳೆಯಲಿಲ್ಲ. ವೈರಲ್ ಆಗುವುದಕ್ಕೆ ನೆನಪು ಬೇಕಿಲ್ಲ, ಚರಿತ್ರೆಗೆ ಬೇಕು.

ಹಾಗಾದರೆ ವಿಡಿಯೋ ನಮಗೆ ಏನೂ ಕೊಡಲಿಲ್ಲವೆ? ಕೊಟ್ಟಿದೆ. 2016ರ ಜುಲೈ 11ರಂದು ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿಯುತ್ತಿದ್ದ ದಲಿತರನ್ನು ಹೊಡೆದರು. ಆ ದೃಶ್ಯವನ್ನು ಚಿತ್ರಿಸಿ ಹರಡಿದ್ದು ಹೊಡೆದವರೇ. ಹೆದರಿಸಲೆಂದು ಮಾಡಿದ ವಿಡಿಯೋ ಅವರ ವಿರುದ್ಧವೇ ಸಾಕ್ಷಿಯಾಗಿ ನಿಂತಿತು. ಅದರ ಕಾವು ನಮ್ಮೂರಿಗೂ ತಾಗಿತು. ಅದೇ ವರ್ಷ ಅಕ್ಟೋಬರ್ 4ರಂದು ಬೆಂಗಳೂರಿನಿಂದ ಹೊರಟ 'ಚಲೋ ಉಡುಪಿ' ಜಾಥಾ 9ರಂದು ಇಲ್ಲಿಗೆ ತಲುಪಿ, ಆಹಾರದ ಆಯ್ಕೆ ಮತ್ತು ಭೂಮಿಯ ಹಕ್ಕನ್ನು ಒಟ್ಟಿಗೆ ಕೇಳಿತು. ಆದರೆ ಗಮನಿಸಿ: ವಿಡಿಯೋ ತಾನಾಗಿ ಚಳುವಳಿಯಾಗಲಿಲ್ಲ. ನಡೆದ ಕಾಲುಗಳು, ಊರೂರಲ್ಲಿ ಅನ್ನ ಬೇಯಿಸಿದವರು, ಹಳೆಯ ಸಂಘಟನೆಗಳು ಇದ್ದದ್ದರಿಂದ ಅದು ಚಳುವಳಿಯಾಯಿತು.

ಸಂಘಟನೆಯಷ್ಟೇ ಸಾಕೆ ಎಂದು ಕೇಳುವವರು ಕೋಟತಟ್ಟನ್ನು ನೆನೆಯಬೇಕು. 2021ರ ಡಿಸೆಂಬರ್ 27ರ ರಾತ್ರಿ ಕೊರಗ ಕಾಲನಿಯ ಮದುವೆಮನೆಯ ಮೆಹಂದಿಗೆ ನುಗ್ಗಿ ಪೊಲೀಸರು ಲಾಠಿ ಬೀಸಿದರು. ಫೋನಿನ ದೃಶ್ಯಗಳು ಹೊರಬಂದವು, ಪಿಎಸ್‌ಐ ಅಮಾನತಾದರು. ದೃಶ್ಯವಿರದಿದ್ದರೆ ಕೊರಗರ ಮಾತನ್ನು ಯಾರು ನಂಬುತ್ತಿದ್ದರು? ಆದರೂ ಏಟು ತಿಂದ ಕೊರಗರ ಮೇಲೆಯೇ ಪ್ರತಿದೂರು ದಾಖಲಾಯಿತು. ಫೋನಿನ ಸಾಕ್ಷಿ ಒಂದು ಕಡೆ, ಠಾಣೆಯ ಕಾಗದ ಇನ್ನೊಂದು ಕಡೆ. ದೃಶ್ಯ ಬಾಗಿಲು ತಟ್ಟಬಲ್ಲದು. ಒಳಗಿನ ಕಡತವನ್ನು ತಿದ್ದಲು ಮನುಷ್ಯರೇ ಹಿಂದೆ ಬೀಳಬೇಕು.

ಕಾನೂನೂ ಇದೇ ಏರಿಳಿತದಲ್ಲಿದೆ. ಯೂಟ್ಯೂಬಿನಲ್ಲಿ ಜಾತಿನಿಂದನೆ ಮಾಡಿದರೂ ಅದು 'ಸಾರ್ವಜನಿಕರ ಎದುರು' ಮಾಡಿದ ಅವಮಾನವೇ, ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸುತ್ತದೆಂದು ಕೇರಳ ಹೈಕೋರ್ಟು 2022ರಲ್ಲಿ ಹೇಳಿತು. 2024ರ ಆಗಸ್ಟಿನಲ್ಲಿ ಇನ್ನೊಂದು ಯೂಟ್ಯೂಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪರಿಶಿಷ್ಟರಿಗಾದ ಅವಮಾನವೆಲ್ಲ ಜಾತಿಯ ಕಾರಣಕ್ಕಾದ ಅವಮಾನವಲ್ಲವೆಂದು ಆರೋಪಿಗೆ ನಿರೀಕ್ಷಣಾ ಜಾಮೀನು ಕೊಟ್ಟಿತು. ಕಂಪನಿಗಳ ನಿಯಮವಂತೂ ಜಮೀನ್ದಾರರ ಗೇಣಿಯ ಹಾಗೆ, ಅವರು ಹೇಳಿದ್ದೇ ಲೆಕ್ಕ. 2018ರಲ್ಲಿ ಯೂಟ್ಯೂಬು ಸಾವಿರ ಚಂದಾದಾರರು ಮತ್ತು ವರ್ಷಕ್ಕೆ ನಾಲ್ಕು ಸಾವಿರ ಗಂಟೆಯ ವೀಕ್ಷಣೆ ಇದ್ದರೆ ಮಾತ್ರ ಜಾಹೀರಾತಿನ ಪಾಲು ಎಂದಿತು. ಸಣ್ಣವರು ಒಕ್ಕಲೆದ್ದರು. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಗದ್ದೆಯ ಹುಣಿಯಲ್ಲಿ, ಕೂಲಿಯ ಬಿಡುವಿನಲ್ಲಿ ಕುಣಿದು ಹೆಸರು ಮಾಡಿದ ಎಷ್ಟೋ ಹುಡುಗ ಹುಡುಗಿಯರ ಅಂಗಳ ಒಂದೇ ರಾತ್ರಿಯಲ್ಲಿ ಇಲ್ಲವಾಯಿತು.

ಕಾಪು ಕಡೆಯಿಂದ ಬರುವ ನನ್ನ ವಿದ್ಯಾರ್ಥಿನಿಯೊಬ್ಬಳು ತನ್ನ ಕಾಲನಿಯ ನೀರಿನ ತಾಪತ್ರಯದ ಬಗ್ಗೆ ಒಂದು ವಿಡಿಯೋ ಹಾಕಿದ್ದಳು. ಟ್ಯಾಂಕರು ಬಂತು. ಕೆಳಗೆ ಅವಳ ಜಾತಿ, ಅವಳಮ್ಮನ ಕೆಲಸ ಎತ್ತಿ ಬರೆದ ಮಾತುಗಳೂ ಬಂದವು. 'ಸರ್, ನೀರು ಮೂರು ದಿನ ಬಂತು, ಬೈಗುಳ ಈಗಲೂ ಅಲ್ಲೇ ಉಂಟು' ಅಂದಳು. ನನ್ನ ಇಡೀ ವಾದ ಈ ಒಂದು ವಾಕ್ಯದಲ್ಲಿದೆ.

ಹಾಗೆಂದು ಫೋನು ಕೆಳಗಿಡಿ ಎಂದು ನಾನು ಹೇಳಲಾರೆ. ಕೈಗೆ ಬಂದ ಆಯುಧವನ್ನು ಬಿಟ್ಟುಕೊಡುವಷ್ಟು ಅನುಕೂಲ ನಮಗಿಲ್ಲ. ಕೆಲವು ಕೆಲಸ ಆಗಬೇಕು. ದೈವ ಕಟ್ಟುವವರ, ಡೋಲು ಬಡಿಯುವವರ ಒಪ್ಪಿಗೆ, ಹೆಸರು, ಪಾಲು ಇಲ್ಲದೆ ಚಿತ್ರೀಕರಣವಿಲ್ಲ ಎಂದು ಆಯಾ ಸಮುದಾಯಗಳೇ ಕಟ್ಟಳೆ ಮಾಡಬೇಕು. ಹಾಕಿದ ಪ್ರತಿಯೊಂದು ವಿಡಿಯೋದ ಮೂಲ ಪ್ರತಿ ಸಂಘಟನೆಯ ಬಳಿ ಇರಬೇಕು, ತಾರೀಕು, ಊರು, ಚಿತ್ರಿಸಿದವರ ವಿವರ ಬರೆದಿಡಬೇಕು. ಬ್ಲಾಗಿನಲ್ಲಿ ಬಂದ ಒಳ್ಳೆಯ ಬರಹ ಕಾಗದಕ್ಕೂ ಇಳಿಯಬೇಕು. ಬೈಗುಳವನ್ನು ಅಳಿಸುವ ಮೊದಲು ದಾಖಲಿಸಿ ವಕೀಲರಿಗೆ ಕೊಡಬೇಕು. ಒಬ್ಬಳೇ ಹುಡುಗಿಯನ್ನು ಪರದೆಯ ಮುಂದೆ ನಿಲ್ಲಿಸಿ ನಾವು ಹಿಂದೆ ನಿಂತು ಚಪ್ಪಾಳೆ ತಟ್ಟುವುದು ನಿಲ್ಲಬೇಕು.

ಮುದ್ರಣಯಂತ್ರ ನಮ್ಮದಾಗಿರಲಿಲ್ಲ, ಫೋನು ನಮ್ಮದಾಗಿದೆ. ಸರ್ವರು ಇನ್ನೂ ನಮ್ಮದಲ್ಲ. ಅದು ನಮ್ಮದಾಗುವ ತನಕ ನೆನಪನ್ನಾದರೂ ನಮ್ಮ ವಶದಲ್ಲಿ ಇಟ್ಟುಕೊಳ್ಳೋಣ.