ಬೆಳ್ಗೊಳಕ್ಕೆ ಬಂದವರು

ಶ್ರವಣಬೆಳಗೊಳಕ್ಕೆ ಮೊದಲು ಬಂದವರು ನೋಡಲೆಂದು ಬಂದವರಲ್ಲ, ದೇಹವನ್ನು ತ್ಯಜಿಸಲೆಂದು ಬಂದವರು. ಪ್ರಾಚೀನ ಶಾಸನಗಳು ಕಟವಪ್ರವೆಂದು ಕರೆಯುವ ಚಿಕ್ಕಬೆಟ್ಟದ ಬಂಡೆಯಲ್ಲಿ ಸುಮಾರು ಕ್ರಿ.ಶ. 600ರ ಶಾಸನವೊಂದಿದೆ. ಉತ್ತರಾಪಥದಿಂದ ಬಂದ ಸಂಘವನ್ನು ಬೀಳ್ಕೊಟ್ಟು, ಒಬ್ಬನೇ ಶಿಷ್ಯನೊಡನೆ ಅಲ್ಲಿಯೇ ಉಳಿದ ಪ್ರಭಾಚಂದ್ರಾಚಾರ್ಯರ ಸಮಾಧಿಮರಣವನ್ನು ಅದು ತಿಳಿಸುತ್ತದೆ. ಮುಂದೆ ಏಳುನೂರು ಋಷಿಗಳು ಅದೇ ದಾರಿ ಹಿಡಿದರೆಂದೂ ಹೇಳುತ್ತದೆ. ಸಮೀಪದ ಮತ್ತೊಂದು ಶಾಸನದಲ್ಲಿ ಚಿತ್ತೂರಿನ ಮೌನಿಗುರುಗಳ ಶಿಷ್ಯೆ ನಾಗಮತಿ ಗಂತಿಯರು ಮೂರು ತಿಂಗಳು ನೋಂತು ಮುಡಿಪಿದ ಸಂಗತಿಯಿದೆ. ಇವರನ್ನು ಸೆಳೆದದ್ದು ಶಿಲ್ಪವಲ್ಲ. ಆಗ ಎದುರಿನ ದೊಡ್ಡಬೆಟ್ಟದಲ್ಲಿ ಗೊಮ್ಮಟನೇ ಇರಲಿಲ್ಲ.

ಸುಮಾರು 981ರಲ್ಲಿ ಗಂಗರ ಮಂತ್ರಿ ಚಾವುಂಡರಾಯನು ಐವತ್ತೆಂಟು ಅಡಿಯ ಮೂರ್ತಿಯನ್ನು ಮಾಡಿಸಿದ ಮೇಲೆ ಬರುವವರ ಬಗೆ ಬದಲಾಯಿತು. ಬಾಳನ್ನು ಮುಗಿಸಲು ಬರುವವರ ಜೊತೆಗೆ ದರ್ಶನ ಮಾಡಿ ಊರಿಗೆ ಹಿಂದಿರುಗುವವರೂ ಬರತೊಡಗಿದರು. ಬಂದುದಕ್ಕೆ ಗುರುತು ಬಿಡುವ ಆಸೆ ಇವರಲ್ಲಿ ಬಲವಾಗಿತ್ತು. ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ ಎಂಬ ಬರಹವಿದೆ; ಅದು ಮಹಾಕವಿ ರನ್ನನದೇ ಎಂದು ವಿದ್ವಾಂಸರ ಅಭಿಪ್ರಾಯ. ಶತಮಾನಗಳ ನಂತರ ಉತ್ತರದಿಂದ ಬಂದ ಶ್ರಾವಕರು ನಾಗರಿಯಲ್ಲಿ, ವ್ಯಾಪಾರಿಗಳ ಮಹಾಜನಿ ಲಿಪಿಯಲ್ಲಿ ತಮ್ಮ ಹೆಸರುಗಳನ್ನು ಕೊರೆದರು.

ಆಮೇಲೆ ಬಂದವರು ಈ ಹೆಸರುಗಳನ್ನು ಓದುವವರು. 1889ರಲ್ಲಿ ಬಿ. ಎಲ್. ರೈಸ್ 144 ಶಾಸನಗಳನ್ನು ಪ್ರಕಟಿಸಿದರು, 1923ರಲ್ಲಿ ಆರ್. ನರಸಿಂಹಾಚಾರ್ಯರು ಆ ಸಂಖ್ಯೆಯನ್ನು 500ಕ್ಕೆ ಏರಿಸಿದರು. ಯಾತ್ರಿಕನು ಗೀಚಿದ ಹೆಸರು ಇತಿಹಾಸದ ಆಕರವಾಯಿತು.

ಇಂದು ಮೊಳೆ ಹಿಡಿದು ಬಂಡೆಯ ಮೇಲೆ ಹೆಸರು ಗೀಚುವ ತರುಣನು 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಂತೆ ಅಪರಾಧಿ. ಅದು ಸರಿಯೇ, ಬಂಡೆಗೆ ಇನ್ನಷ್ಟು ಹೆಸರುಗಳನ್ನು ತಾಳುವ ಶಕ್ತಿಯಿಲ್ಲ. ಆದರೆ ಅವನದು ಬರಿಯ ಅಹಂಕಾರ, ಹಿಂದಿನವರದು ಬರಿಯ ಭಕ್ತಿ ಎನ್ನಲು ಯಾವ ಆಧಾರವಿದೆ? ಕಲ್ಲು ಹೆಸರನ್ನು ಉಳಿಸಿದೆಯೇ ಹೊರತು ಭಾವವನ್ನು ಉಳಿಸಿಲ್ಲ. ಬೇಲೂರು, ಹಳೇಬೀಡುಗಳ ನಡುವೆ ಎರಡು ಗಂಟೆ ಬಿಡುವು ಮಾಡಿಕೊಂಡು ಬರುವ ಪ್ರವಾಸಿಯನ್ನು ‘ಸುಮ್ಮನೆ ನೋಡಲು ಬಂದವನು’ ಎಂದು ಕ್ಷೇತ್ರದವರು ಹಗುರವಾಗಿ ಕಾಣುವುದುಂಟು. ಅವನೂ ಬರಿಗಾಲಿನಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತುತ್ತಾನೆ. 1981, 1993, 2006 ಮತ್ತು 2018ರ ಮಹಾಮಸ್ತಕಾಭಿಷೇಕಗಳಲ್ಲಿ ನೆರೆದ ಜನಸಾಗರದಲ್ಲಿ ಭಕ್ತರಾರು, ಪ್ರೇಕ್ಷಕರಾರು ಎಂದು ವಿಂಗಡಿಸಬಲ್ಲವರು ಯಾರು?

ಅವನು ಚಿಕ್ಕಬೆಟ್ಟವನ್ನು ಹತ್ತದೆ ಹೋಗುತ್ತಾನೆ ಎಂಬುದು ನಿಜವಾದ ಕೊರತೆ. ಅದರಲ್ಲಿ ಅವನ ತಪ್ಪಿಗಿಂತ ಹೇಳಬೇಕಾದವರ ಮೌನವೇ ಹೆಚ್ಚು. ಹಿಂದಿನ ಸಮಾಜ ಈ ಹೊಣೆಯನ್ನು ಲೆಕ್ಕವಿಟ್ಟು ಹೊತ್ತಿತ್ತು. 1368ರ ಬುಕ್ಕರಾಯನ ಶಾಸನದಂತೆ, ಜೈನರು ವರ್ಷಕ್ಕೆ ಮನೆಗೊಂದು ಹಣ ಸಲ್ಲಿಸಬೇಕಾಗಿತ್ತು. ಅದರಿಂದ ಬೆಳ್ಗೊಳದ ದೇವರಿಗೆ ಇಪ್ಪತ್ತು ಮಂದಿ ಅಂಗರಕ್ಷಕರು; ಉಳಿದ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ.