ಕೂಗುವ ಕಾವಲು, ಮೌನದ ಕಾವಲು

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬುದು ನಮ್ಮ ಹಳೆಯ ಗಾದೆ. ಕಾರಿನ ಕಾವಲಿನ ಚರಿತ್ರೆಗೂ ಅದು ಬಹುಮಟ್ಟಿಗೆ ಒಪ್ಪುತ್ತದೆ. ಕಾರ್ಖಾನೆಯವರು ಕಾರನ್ನು ಮಾಡಿ ಮಾರಿದರು. ಅದನ್ನು ಕಳ್ಳರಿಂದ ಕಾಯುವ ಭಾರ ಬಹುಕಾಲ ಕೊಂಡವನ ತಲೆಯ ಮೇಲೆಯೇ ಉಳಿಯಿತು. ಇಂಗ್ಲೆಂಡಿನ ಕಥೆಯನ್ನು ನೋಡಿದರೆ ಇದು ಚೆನ್ನಾಗಿ ಮನದಟ್ಟಾಗುತ್ತದೆ.

1971ರಲ್ಲಿ ಅಲ್ಲಿ ಹೊಸ ಕಾರುಗಳಿಗೆ ಸ್ಟಿಯರಿಂಗ್ ಬೀಗ ಕಡ್ಡಾಯವಾಯಿತು, ಹಳೆಯವುಗಳಿಗೆ ಆಗಲಿಲ್ಲ. ಅಷ್ಟರಿಂದ ಕಳ್ಳರು ಕಸುಬು ಬಿಟ್ಟರೆ? ಬ್ರಿಟಿಷ್ ಗೃಹ ಇಲಾಖೆಯ ಸಂಶೋಧಕರು 1976ರಲ್ಲಿ ಲಂಡನ್ನಿನ ಲೆಕ್ಕ ತೆಗೆದು ತೋರಿಸಿದರು. ಕಳುವಾದ ಕಾರುಗಳಲ್ಲಿ ಹೊಸವು 1969ರಲ್ಲಿ ನೂರಕ್ಕೆ ಸುಮಾರು 20 ಇದ್ದರೆ, 1973ರಲ್ಲಿ ಸುಮಾರು 5. ಆದರೆ ಒಟ್ಟು ಕಳವು ತಗ್ಗಲಿಲ್ಲ. ಕಳ್ಳರು ಬೀಗವಿಲ್ಲದ ಹಳೆಯ ಕಾರುಗಳತ್ತ ತಿರುಗಿದ್ದರು, ಅಷ್ಟೆ. ಪಶ್ಚಿಮ ಜರ್ಮನಿಯವರು 1960ರ ದಶಕದ ಆರಂಭದಲ್ಲಿಯೇ ಹೊಸತು ಹಳತೆನ್ನದೆ ಎಲ್ಲಕ್ಕೂ ಬೀಗ ಹಾಕಿಸಿದ್ದರು. ಅಲ್ಲಿ ಒಟ್ಟು ಕಳವೇ ಇಳಿಯಿತು.

ಈ ಪಾಠ ಬೇಗ ತಲೆಗೆ ಹತ್ತಲಿಲ್ಲ. 1980ರ ದಶಕದಲ್ಲಿ ಉಳ್ಳವರು ಅಂಗಡಿಯಿಂದ ಅಲಾರಂ ತಂದು ಹಾಕಿಸಿಕೊಂಡರು. ಬಾಗಿಲು ತೆರೆದರೆ ಒಳದೀಪ ಹೊತ್ತಿಕೊಳ್ಳುತ್ತದಷ್ಟೆ. ಆಗ ಬ್ಯಾಟರಿಯ ವೋಲ್ಟೇಜು ತುಸು ತಗ್ಗುವುದನ್ನೇ ಕೆಲವು ಅಲಾರಂಗಳು ಗುರುತು ಹಿಡಿಯುತ್ತಿದ್ದವು. ಕೆಲವಕ್ಕೆ ಅಲುಗಾಟವೇ ಸುಳಿವು. ಇನ್ನು ಕೆಲವು, ಮನುಷ್ಯನ ಕಿವಿಗೆ ನಿಲುಕದ ಶಬ್ದದ ಅಲೆಗಳನ್ನು ಒಳಗೆ ಹರಡಿ, ಅಲ್ಲಿನ ಚಲನೆಯನ್ನು ಪತ್ತೆಮಾಡುತ್ತಿದ್ದವು. ಜಾಣತನವೇನೋ ಸರಿ, ಆದರೆ ಲಾರಿ ಹಾದರೂ ಕೂಗು, ಗಾಳಿ ಬೀಸಿದರೂ ಕೂಗು! ತೋಳ ಬಂತೆಂದು ಕೂಗಿದ ಹುಡುಗನ ಗತಿಯೇ ಅವಕ್ಕೂ ಬಂದಿತು. ನೆರೆಹೊರೆಯವರು ಶಪಿಸಿ ಕಿಟಕಿ ಮುಚ್ಚಿಕೊಂಡರು.

ಇದರ ಜೊತೆಗೇ ಬೆಳೆದದ್ದು ಇಮ್ಮೊಬಿಲೈಸರ್. ಮಂತ್ರವಾದಿಗಳ ಷಟ್ಕರ್ಮಗಳಲ್ಲಿ ಸ್ತಂಭನವೂ ಒಂದು. ಎದುರಾಳಿಯನ್ನು ನಿಂತಲ್ಲೇ ನಿಲ್ಲಿಸುವ ವಿದ್ಯೆ. ಕನ್ನಡ ಮೇಷ್ಟರಾದ ನಾನು ಈ ಯಂತ್ರವನ್ನು ಸ್ತಂಭಕವೆಂದು ಕರೆಯಬಯಸುತ್ತೇನೆ. ಮೊದಲು ಇದು ಆಸನದ ಕೆಳಗೆ ಬಚ್ಚಿಟ್ಟ ಒಂದು ಸ್ವಿಚ್ಚು ಮಾತ್ರ. ಬರುಬರುತ್ತ ಇಗ್ನಿಷನ್, ಸ್ಟಾರ್ಟರ್, ಪೆಟ್ರೋಲ್ ಪಂಪುಗಳಲ್ಲಿ ಎರಡು ಮೂರರ ವಿದ್ಯುತ್ತನ್ನು ತಾನಾಗಿಯೇ ಕಡಿದು, ಒಡೆಯನ ಗುರುತು ಸಿಕ್ಕಿದಾಗಲೇ ಮತ್ತೆ ಕೂಡಿಸತೊಡಗಿತು. 1990ರ ದಶಕದಲ್ಲಿ ಥ್ಯಾಚಮ್ ಊರಿನ ವಿಮಾ ಸಂಶೋಧನಾ ಕೇಂದ್ರದವರು ಇಂಥ ಸಾಧನಗಳನ್ನು ಪರೀಕ್ಷಿಸಿ ದರ್ಜೆ ಕೊಟ್ಟರು: ಅಲಾರಂ, ಸ್ತಂಭಕ ಎರಡೂ ಕೂಡಿದ್ದರೆ 1, ಸ್ತಂಭಕ ಮಾತ್ರವಾದರೆ 2. ಆದರೂ ಎಲ್ಲವೂ ಜೋಡಿಸುವವನ ಕೈಗುಣದ ಮೇಲೆ ನಿಂತಿತ್ತು. ತಂತಿಯ ಬೆಸುಗೆ ಸಡಿಲವಾದರೆ, ಕಳ್ಳನ ಬದಲು ಒಡೆಯನೇ ನಡುದಾರಿಯಲ್ಲಿ ಸ್ತಂಭಿತನಾಗುತ್ತಿದ್ದ!

ಕೊನೆಗೆ 1998ರ ಅಕ್ಟೋಬರಿನಿಂದ ಯೂರೋಪಿನ ಒಕ್ಕೂಟ ಹೊಸ ಕಾರುಗಳಿಗೆಲ್ಲ ಇದನ್ನು ಕಡ್ಡಾಯಮಾಡಿತು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 1990ರ ದಶಕದ ಆರಂಭಕ್ಕೆ ವರ್ಷವೊಂದಕ್ಕೆ 5 ಲಕ್ಷಕ್ಕೂ ಮಿಕ್ಕಿ ವಾಹನಗಳು ಕಳುವಾಗುತ್ತಿದ್ದವು. 2013ರ ಸುಮಾರಿಗೆ ಆ ಸಂಖ್ಯೆ 1 ಲಕ್ಷಕ್ಕಿಂತ ಕೆಳಗಿಳಿಯಿತು. ಇದೊಂದೇ ಕಾರಣವೆನ್ನಲಾಗದು, ಆದರೆ ದೊಡ್ಡ ಕಾರಣ. ಇಂಥ ಕಟ್ಟಳೆಯಿಲ್ಲದ ಅಮೆರಿಕದಲ್ಲಿ, ಸ್ತಂಭಕವಿಲ್ಲದೆ ಮಾರಿದ ಕಿಯಾ, ಹ್ಯುಂಡೈ ಕಾರುಗಳನ್ನು 2021ರಿಂದೀಚೆಗೆ ಹುಡುಗರು ಸಲೀಸಾಗಿ ಹೊಡೆದುಕೊಂಡು ಹೋದರು.

ಕಳ್ಳರೂ ಸುಮ್ಮನಿಲ್ಲ, ಈಗ ಕೀಲಿಯ ರೇಡಿಯೋ ಸಂಕೇತವನ್ನೇ ಕದಿಯುತ್ತಾರೆ. ಆದರೂ ಈ ಚರಿತ್ರೆಯಿಂದ ನಾನು ತಿಳಿದದ್ದಿಷ್ಟು: ಒಬ್ಬನು ಕೊಂಡ ಬೀಗ ಕಳ್ಳನನ್ನು ಪಕ್ಕದ ಮನೆಗೆ ಕಳುಹಿಸುತ್ತದೆ. ಊರಿಗೆಲ್ಲ ಹಾಕಿಸಿದ ಬೀಗ ಪಕ್ಕದ ಮನೆಯನ್ನೂ ಕಾಯುತ್ತದೆ.